ಹೊಲಿಗೆ ಯಂತ್ರದ ಮೇಲಿನ ಕೆಂಪು ದೀಪ

ಪಾಂಡವಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹತ್ತು ವರ್ಷದವರಿದ್ದಾಗ ವಿಷಮಶೀತ ಜ್ವರ ಬಂದು ಬಹಳ ದಿನ ಮಲಗಿದ್ದರಂತೆ. ಜ್ವರ ಬಿಟ್ಟು ಎದ್ದಾಗ ಮಾತು ಉಳಿದಿತ್ತು, ಕೇಳುವುದು ಹೋಗಿತ್ತು. ತಮ್ಮ ದನಿ ತಮಗೇ ಕೇಳದ್ದರಿಂದ ಒಮ್ಮೆ ಪಿಸುಗುಟ್ಟಿದಂತೆ, ಇನ್ನೊಮ್ಮೆ ಗದ್ದೆಯ ಆಚೆ ಬದುವಿನಲ್ಲಿ ನಿಂತವರನ್ನು ಕೂಗಿದಂತೆ ಮಾತಾಡುತ್ತಿದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸುತ್ತಲಿನ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಬೀದಿಯವರಿಗೆಲ್ಲ ಅವರು ಹೊಲಿಗೆಯಮ್ಮ. ನಾನೂ ಹಾಗೆಯೇ ಕರೆಯುತ್ತಿದ್ದೆ, ಅವರಿಗೆ ಕೇಳದಿದ್ದರೂ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಮೂವತ್ತೆರಡು. ಪಾಂಡವಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದೆ. ತವರು ಕೆ.ಆರ್. ಪೇಟೆ. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದಿದ್ದೆ. ತವರಿನಲ್ಲಿ ಯಾರೂ ಒಂದು ಮಾತು ಅಂದವರಲ್ಲ, ಆದರೆ ನಾನು ಅಡುಗೆ ಮನೆಗೆ ಬಂದರೆ ಅಲ್ಲಿ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಅದಕ್ಕೇ ದೂರದಲ್ಲೊಂದು ಕೋಣೆ ಹಿಡಿದೆ. ಹೊಲಿಗೆಯಮ್ಮನ ಮನೆಯ ತಾರಸಿಯ ಮೇಲೆ ಇದ್ದ ಒಂಟಿ ಕೋಣೆ ಅದು. ಪಕ್ಕದ ಓಣಿಯಿಂದ ಮೆಟ್ಟಿಲು.

ಸಂಜೆ ಶಾಲೆಯಿಂದ ಬಂದವಳು ಮೇಲೆ ಹೋಗುತ್ತಿರಲಿಲ್ಲ. ಮುಂದಿನ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಕಾಪಿ ಪುಸ್ತಕ ತಿದ್ದುತ್ತಿದ್ದೆ. ಯಾರಾದರೂ ಬಂದು ಬಾಗಿಲಲ್ಲಿ ನಿಂತರೆ ಎದ್ದು ಹೊಲಿಗೆಯಮ್ಮನ ಹೆಗಲು ಮುಟ್ಟುವುದು ನನ್ನ ಕೆಲಸ. ಅದನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ, ತಾನಾಗಿಯೇ ಬಂದಿತ್ತು. ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ನನ್ನ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದರು, ಉಳಿದರ್ಧವನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಆ ಒಂದೆರಡು ಗಂಟೆ ಇನ್ನೊಬ್ಬರ ಪಕ್ಕದಲ್ಲಿ ಕೂತಿರುತ್ತಿದ್ದೆ ಅನ್ನುವುದೇ ನನಗೆ ದಿನದ ದೊಡ್ಡ ವಿಷಯ.

ಅವರು ಯಂತ್ರವನ್ನು ಬಾಗಿಲಿಗೆ ಮುಖ ಮಾಡಿ ಇಟ್ಟುಕೊಂಡಿದ್ದರು. ನಾನಿಲ್ಲದ ಹೊತ್ತಿನಲ್ಲಿ ನಾಲ್ಕು ಹೊಲಿಗೆಗೊಮ್ಮೆ ತಲೆಯೆತ್ತಿ ನೋಡುತ್ತಿದ್ದರು. ಬೆಳಕು ಬರುವುದು ಬೆನ್ನ ಹಿಂದಿನ ಕಿಟಕಿಯಿಂದ. ಹಾಗಾಗಿ ಅವರ ನೆರಳೇ ಬಟ್ಟೆಯ ಮೇಲೆ ಬೀಳುತ್ತಿತ್ತು. ಕಣ್ಣು ಕಿರಿದು ಮಾಡಿ ದಾರ ಪೋಣಿಸುತ್ತಿದ್ದರು.

ಆಷಾಢದ ಒಂದು ಶನಿವಾರ ನಡೆದದ್ದನ್ನು ಹೇಳಬೇಕು. ಶನಿವಾರ ನಮಗೆ ಅರ್ಧ ದಿನ ಶಾಲೆ. ಒಂದು ಗಂಟೆಯೊಳಗೆ ಮನೆಯಲ್ಲಿರುತ್ತಿದ್ದೆ. ಆ ದಿನ ಮಾತ್ರ ಮನೆಗೆ ಬಾರದೆ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಗಂಜಾಂನಲ್ಲಿ ನಿಮಿಷಾಂಬ ಗುಡಿಯ ಕೆಳಗಿನ ಮೆಟ್ಟಿಲ ಮೇಲೆ, ಬೇರೆಯವರ ಸಂಸಾರಗಳು ಹೊಳೆಯಲ್ಲಿ ಕಾಲಾಡಿಸುವುದನ್ನು ನೋಡುತ್ತ ಸಂಜೆಯವರೆಗೆ ಕೂತಿದ್ದೆ. ಹರಕೆ ಏನೂ ಇರಲಿಲ್ಲ. ಜನರ ನಡುವೆ ಕೂರಬೇಕು ಅನ್ನಿಸಿತ್ತು, ಅಷ್ಟೆ.

ಅದೇ ಮಧ್ಯಾಹ್ನ ಮೂರರ ಸುಮಾರಿಗೆ ದೇವಲಾಪುರದಿಂದ ಒಬ್ಬ ಆಳು ಹೊಲಿಗೆಯಮ್ಮನ ಮನೆ ಹುಡುಕಿಕೊಂಡು ಬಂದಿದ್ದ. ಅಲ್ಲಿದ್ದ ಅವರ ಅಕ್ಕ ಬೆಳಿಗ್ಗೆ ತೀರಿಕೊಂಡಿದ್ದರು. ಆಷಾಢದ ಗಾಳಿಗೆ ಧೂಳು ನುಗ್ಗುತ್ತದೆಂದು ಹೊಲಿಗೆಯಮ್ಮ ಬಾಗಿಲು ಹಾಕಿಕೊಂಡಿದ್ದರು. ಎದುರು ಮನೆಯವರೂ ಹಾಕಿಕೊಂಡಿದ್ದರು. ಅವನು ತಟ್ಟಿದ, ಕೂಗಿದ, ಮತ್ತೆ ತಟ್ಟಿದ. ಇನ್ನೂ ಒಂದು ಊರಿಗೆ ಸುದ್ದಿ ಮುಟ್ಟಿಸಬೇಕಿತ್ತು. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಬಸ್‌ ನಿಲ್ದಾಣದ ಅಂಗಡಿಯೊಂದರಲ್ಲಿ ಹೇಳಿ ಹೊರಟುಹೋದ. ಅಂಗಡಿಯವರು ಭಾನುವಾರ ಬೆಳಿಗ್ಗೆ ನೆನಪು ಮಾಡಿಕೊಂಡು ಬಂದು ತಿಳಿಸಿದರು.

ಹೊಲಿಗೆಯಮ್ಮ ಉಟ್ಟ ಸೀರೆಯಲ್ಲೇ ಹೊರಟರು. ದೇವಲಾಪುರ ಮುಟ್ಟುವ ಹೊತ್ತಿಗೆ ಮಣ್ಣಾಗಿ ಒಂದು ರಾತ್ರಿ ಕಳೆದಿತ್ತು. ತಂಗಿ ಬರಲಿ ಎಂದು ಹೊತ್ತು ಮುಳುಗುವವರೆಗೆ ಕಾದಿದ್ದರಂತೆ.

ಮೂರು ದಿನ ಕಳೆದು ವಾಪಸು ಬಂದವರು ಯಂತ್ರದ ಮುಂದೆ ಸುಮ್ಮನೆ ಕೂತರು. ನಾನು ಕಾಫಿ ತಂದಿಟ್ಟೆ. ಬಾಗಿಲನ್ನೇ ನೋಡುತ್ತ ಹೇಳಿದರು:

“ಬಾಗ್ಲು ತಟ್ಟುದ್ನಂತೆ ಕಣವ್ವ. ನಾನ್ ಎಲ್ಲೂ ಓಗಿರ್ನಿಲ್ಲ. ಇಲ್ಲೇ ಕೂತು ರವಿಕೆ ಗುಂಡೀಗೆ ಕಾಜಾ ಒಲೀತಿದ್ದೆ. ಮೂರು ಮಾರು ದೂರದಲ್ಲಿ ನಿಂತು ಕೂಗವ್ನೆ, ನಾನ್ ಕಾಜಾ ಒಲೀತಾ ಇವ್ನಿ.”

ನಾನೆಲ್ಲಿದ್ದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೈಯಲ್ಲಿದ್ದ ಸ್ಲೇಟನ್ನು ಸೆರಗಿನಿಂದ ಒರೆಸಿ ಗೋಡೆಗೆ ಆನಿಸಿಟ್ಟೆ.

ಅವರಿಗೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎಂದು ತಿಳಿಸುವ ಒಂದು ದೀಪ ಬೇಕು ಅನ್ನುವುದು ಆ ವಾರವೇ ಹೊಳೆದಿತ್ತು. ಹೊರಗೊಂದು ಗುಂಡಿ, ಒಳಗೊಂದು ಬೆಳಕು. ಆದರೆ ಮನೆಯ ಬಲ್ಬಿಗೆ ಸ್ವಿಚ್ಚು ಜೋಡಿಸಿದರೆ ಪ್ರಯೋಜನವಿರಲಿಲ್ಲ. ಕರೆಂಟು ಹೋದರೆ ಇಡೀ ಮಧ್ಯಾಹ್ನ ಬರುತ್ತಿರಲಿಲ್ಲ. ಜೊತೆಗೆ ಬೀದಿ ಬಾಗಿಲಿನ ಚೌಕಟ್ಟಿಗೆ ಮನೆಯ ಕರೆಂಟು ತಂದು, ಮಳೆಯಲ್ಲಿ ಒದ್ದೆ ಕೈ ಹಾಕುವವರಿಗೆ ಏನಾದರೂ ಆದರೆ ಎಂಬ ಭಯ.

ನನ್ನ ಟ್ರಾನ್ಸಿಸ್ಟರ್ ರೇಡಿಯೊ ಅದೇ ಸಮಯಕ್ಕೆ ಕೆಟ್ಟಿತು. ಕೋಣೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದದ್ದು ಅದೊಂದೇ ಆದ್ದರಿಂದ ಮರುದಿನವೇ ಚೀಲಕ್ಕೆ ಹಾಕಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಗಂಜಾಂ ರಸ್ತೆಯಲ್ಲಿ ಒಂದು ರಿಪೇರಿ ಅಂಗಡಿ ಇತ್ತು, ಮನೆಯ ಜಗಲಿಯನ್ನೇ ಅಂಗಡಿ ಮಾಡಿಕೊಂಡದ್ದು. ಇಟ್ಟುಕೊಂಡಿದ್ದವರು ಅರವತ್ತು ದಾಟಿದ ಸಾಹೇಬರು. ಬಿಳಿ ಗಡ್ಡ, ದಪ್ಪ ಕನ್ನಡಕ, ಮೂಗಿನ ಮೇಲೆ ಬೆಸುಗೆ ಸೀಸದ ಹೊಗೆಯ ಕಪ್ಪು. ಅವರು ಒಂದು ಟೇಪ್ ರೆಕಾರ್ಡರನ್ನು ಬಿಚ್ಚಿ ಪರೀಕ್ಷಿಸುತ್ತಿದ್ದರು. ಅದರ ಮೂಲೆಯಲ್ಲಿ ಹೆಸರುಕಾಳಿನಷ್ಟು ಕೆಂಪು ದೀಪ ಹೊತ್ತಿಕೊಂಡಿತ್ತು.

“ಇದು ಸೆಲ್ಲಿನಲ್ಲಿ ಉರಿಯುತ್ತಾ?” ಎಂದು ಕೇಳಿದೆ.

“ಸೆಲ್ಲಲ್ಲೇ ಉರಿಯೋದು ಮೇಡಂ. ಎಲ್‌ಇಡಿ ಇದು. ತಂತಿ ಇಲ್ಲ ಒಳಗೆ, ಬಲ್ಬಿನಂಗೆ ಸುಟ್ಟು ಬೆಳಕು ಕೊಡಲ್ಲ. ಚೂರೇ ಚೂರು ಕರೆಂಟು ಸಾಕು.”

ಒಂದು ಪೊಟ್ಟಣದಲ್ಲಿ ನಾಲ್ಕು ಕೆಂಪು ಎಲ್‌ಇಡಿ ಕೊಟ್ಟರು. ಹೇಗೆ ಜೋಡಿಸುವುದು ಎಂದು ನಾನು ಕೇಳಲಿಲ್ಲ. ವಿಜ್ಞಾನದ ಮೇಡಂ ಎಂದು ಆಗಲೇ ಹೇಳಿಬಿಟ್ಟಿದ್ದೆ. ಕೇಳಲು ನಾಚಿಕೆಯಾಯಿತು.

ಕೋಣೆಗೆ ಬಂದು ಒಂಬತ್ತು ವೋಲ್ಟಿನ ಚಪ್ಪಟೆ ಬ್ಯಾಟರಿಗೆ ಒಂದರ ಎರಡು ಕಾಲನ್ನೂ ನೇರವಾಗಿ ತಾಗಿಸಿದೆ. ಕಣ್ಣು ಕುಕ್ಕುವಂತೆ ಒಮ್ಮೆ ಹೊಳೆಯಿತು, ಕಿತ್ತಳೆ ಬಣ್ಣಕ್ಕೆ ತಿರುಗಿತು, ಆರಿತು. ಸುಟ್ಟ ವಾಸನೆ ಬಂತು. ಬ್ಯಾಟರಿ ಕೆಟ್ಟಿರಬೇಕು ಅಂದುಕೊಂಡು ಎರಡನೆಯದನ್ನೂ ತಾಗಿಸಿದೆ. ಅದೂ ಹಾಗೆಯೇ ಸತ್ತಿತು. ಹತ್ತು ವರ್ಷದಿಂದ ಕರಿಹಲಗೆಯ ಮೇಲೆ ವೋಲ್ಟು, ಆಂಪಿಯರು, ಓಮು ಎಂದು ಬರೆಯುತ್ತ ಬಂದವಳು ಒಂದು ದೀಪವನ್ನೂ ಕೈಯಾರೆ ಹೊತ್ತಿಸಿರಲಿಲ್ಲ ಎಂಬುದು ಆ ದಿನ ಗೊತ್ತಾಯಿತು. ಮಂಚದ ಮೇಲೆ ಕೂತು ಅತ್ತೆ. ಎರಡು ಎಲ್‌ಇಡಿಗಾಗಿ ಅಳುವುದು ಹಾಸ್ಯಾಸ್ಪದ ಎಂದು ಆಗಲೂ ಗೊತ್ತಿತ್ತು.

ಮುಂದಿನ ಭಾನುವಾರ ಸತ್ತ ಎರಡನ್ನೂ ಸಾಹೇಬರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದನ್ನೂ, ಆ ಶನಿವಾರದ ವಿಷಯವನ್ನೂ ಹೇಳಿದೆ. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದನ್ನು ಮಾತ್ರ ಬಿಟ್ಟೆ. ಅವರು ನಗಲಿಲ್ಲ. ಸ್ಟೂಲು ಎಳೆದು ಕೊಟ್ಟರು.

“ಕೂತ್ಕೊಳ್ಳಿ. ನಾಲೆ ನೀರ್ನ ತೂಬಿಲ್ದೆ ಸೊಪ್ಪಿನ ಮಡಿಗೆ ಬುಟ್ರೆ ಏನಾಯ್ತದೆ?”

“ಮಡಿಯೇ ಕೊಚ್ಚಿ ಹೋಗುತ್ತೆ.”

“ಅದೇ ಆಗಿರೋದು. ಈ ದೀಪಕ್ಕೆ ಬೇಕಾಗಿರೋದು ಎರಡು ವೋಲ್ಟು. ನೀವು ಒಂಬತ್ತು ಬುಟ್ರಿ. ತಡೆಯೋದು ಅದಕ್ಕೆ ಗೊತ್ತಾಗಲ್ಲ ಪಾಪ, ಕೊಟ್ಟಷ್ಟು ಕುಡೀತದೆ, ಕುಡಿದು ಸಾಯ್ತದೆ. ತಡೆಯೋ ತೂಬು ಇದು.” ಹೀಗೆಂದು ಮೈಮೇಲೆ ಬಣ್ಣದ ಪಟ್ಟಿಗಳಿದ್ದ, ಜೀರಿಗೆಗಿಂತ ಸ್ವಲ್ಪ ದಪ್ಪದ ಒಂದು ರೆಸಿಸ್ಟರ್ ತೋರಿಸಿದರು. “ಲೆಕ್ಕ ನೀವೇ ಮಾಡಿ. ಇಸ್ಕೂಲಲ್ಲಿ ಹೇಳ್ಕೊಡ್ತೀರಲ್ಲ.”

ಒಂದು ರಟ್ಟಿನ ಚೂರಿನ ಮೇಲೆ ಬರೆದೆ. ಒಂಬತ್ತರಲ್ಲಿ ದೀಪದ ಪಾಲು ಎರಡು ಕಳೆದರೆ ಏಳು ವೋಲ್ಟು ಉಳಿಯಿತು. ದೀಪಕ್ಕೆ ಹದಿನೈದು ಮಿಲಿ ಆಂಪಿಯರ್ ಸಾಕು ಅಂದರು. ಏಳನ್ನು ಅದರಿಂದ ಭಾಗಿಸಿದರೆ ನಾನೂರ ಅರವತ್ತಾರು ಓಮು ಚಿಲ್ಲರೆ.

“ಲೆಕ್ಕ ಸರಿ ಇದೆ. ಆದ್ರೆ ಆ ಸಂಖ್ಯೆ ಅಂಗಡೀಲಿ ಸಿಗಲ್ಲ. ನಾನೂರ ಎಪ್ಪತ್ತು ಸಿಗ್ತದೆ. ಯಾವಾಗ್ಲೂ ಒಂದ್ ಮೆಟ್ಟಿಲು ಮೇಲಿಂದೇ ತಗೊಳ್ಳಿ, ಕೆಳಗಿಂದು ಬ್ಯಾಡ. ಬೆಳಕು ಜರಾ ಕಮ್ಮಿ ಆದ್ರೂ ಚಿಂತೆ ಇಲ್ಲ, ದೀಪ ಉಳೀತದೆ.”

ಆ ಚಪ್ಪಟೆ ಬ್ಯಾಟರಿಯೂ ಬೇಡ ಅಂದರು. ಅದು ಬೇಗ ಸೋಲುತ್ತದೆ. ನಾಲ್ಕು ದೊಡ್ಡ ಟಾರ್ಚ್ ಸೆಲ್ಲನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಬರುವಂತೆ ಸಾಲಾಗಿಟ್ಟರೆ ಆರು ವೋಲ್ಟು. ಆಗ ಉಳಿಯುವುದು ನಾಲ್ಕು, ರೆಸಿಸ್ಟರ್ ಇನ್ನೂರ ಎಪ್ಪತ್ತು ಸಾಕು. ಗುಂಡಿ ಒತ್ತಿದಾಗ ಮಾತ್ರ ಉರಿಯುವುದರಿಂದ ಸೆಲ್ಲು ವರ್ಷ ಬಂದರೂ ಬರಬಹುದು.

“ಮೂರು ದೀಪ ಸಾಲಾಗಿ ಹಾಕಿದರೆ ಹೆಚ್ಚು ಕಾಣಿಸಲ್ವಾ?” ಎಂದೆ.

“ಮೂರಕ್ಕೆ ಎರಡೆರಡು ಅಂದ್ರೆ ಆರು. ಆರೂ ಅಲ್ಲೇ ಮುಗೀತು, ತಳ್ಳೋಕೆ ಏನೂ ಉಳೀನಿಲ್ಲ. ಉರಿಯಾಕಿಲ್ಲ ಅವು. ಎರಡು ಬೇಕು ಅಂದ್ರೆ ಅಕ್ಕಪಕ್ಕ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ತೂಬು ಇಡಿ. ಎರಡಕ್ಕೂ ಒಂದೇ ತೂಬು ಇಟ್ರೆ ಒಂದು ಜಾಸ್ತಿ ಕುಡೀತದೆ, ಇನ್ನೊಂದು ಮಂಕಾಯ್ತದೆ.”

ಏಳುವಾಗ ಇನ್ನೊಂದು ಮಾತು ಹೇಳಿದರು. “ಗೋಡೆ ಕರೆಂಟಿಗೆ ಮಾತ್ರ ಇದನ್ನ ಮುಟ್ಟಿಸ್ಬ್ಯಾಡಿ ಮೇಡಂ. ದೀಪದ್ ಜೊತೆ ನೀವೂ ಓಗ್ಬುಡ್ತೀರಿ.”

ಅದಾದ ಮೇಲೂ ತಪ್ಪು ಮಾಡಿದೆ. ಅಂದವಾಗಿ ಕಾಣಲಿ ಎಂದು ಮೂರನೆಯ ಎಲ್‌ಇಡಿಯ ಎರಡೂ ಕಾಲನ್ನು ಒಂದೇ ಉದ್ದಕ್ಕೆ ಕತ್ತರಿಸಿದೆ. ರೆಸಿಸ್ಟರ್ ಹಾಕಿ, ಸೆಲ್ಲು ಜೋಡಿಸಿದರೆ ಉರಿಯಲೇ ಇಲ್ಲ. ಇದೂ ಸತ್ತಿತು ಅಂದುಕೊಂಡೆ. ಉದ್ದ ಕಾಲು ಧನ, ಗಿಡ್ಡ ಕಾಲು ಋಣ ಎಂಬುದು, ಕರೆಂಟು ಅದರೊಳಗೆ ಒಂದೇ ದಿಕ್ಕಿಗೆ ಹರಿಯುತ್ತದೆ ಎಂಬುದು ಪುಸ್ತಕದಲ್ಲಿ ಓದಿದ್ದು ನೆನಪಿಗೆ ಬಂತು. ಆದರೆ ಯಾವುದು ಉದ್ದವಿತ್ತೋ ಈಗ ಯಾರು ಹೇಳಬೇಕು? ದೀಪವನ್ನು ಬೆರಳ ನಡುವೆ ಹಿಡಿದು ತಿರುಗಿಸುವಾಗ ಅದರ ಬುಡದ ಅಂಚು ಒಂದು ಕಡೆ ಚಪ್ಪಟೆಯಾಗಿರುವುದು ಉಗುರಿಗೆ ಸಿಕ್ಕಿತು. ಆ ಕಡೆಯ ಕಾಲನ್ನು ಸೆಲ್ಲಿನ ಋಣದ ಕಡೆಗೆ ಕೊಟ್ಟೆ. ಹೊತ್ತಿಕೊಂಡಿತು. ಸಣ್ಣ, ಸ್ಥಿರವಾದ, ತಣ್ಣಗಿನ ಕೆಂಪು. ಬೆರಳು ಇಟ್ಟು ನೋಡಿದೆ, ಬಿಸಿಯೇ ಇರಲಿಲ್ಲ. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಯಾರೂ ಇರಲಿಲ್ಲ. ಅದನ್ನು ನೋಡುತ್ತ ಒಬ್ಬಳೇ ಬಹಳ ಹೊತ್ತು ಕೂತಿದ್ದೆ.

ಹೊಲಿಗೆಯಮ್ಮನಿಗೆ ಸ್ಲೇಟಿನಲ್ಲಿ ಬರೆದು ತಿಳಿಸಿದಾಗ ಅವರು ನಂಬಲಿಲ್ಲ. “ಇಷ್ಟು ಚಿಕ್ಕ ದೀಪ ನಂಗ್ ಕಾಣ್ತದಾ?” ಅಂದರು. ಅವರು ಅಂದದ್ದೇ ನಿಜವಾಯಿತು. ಬಾಗಿಲ ಚೌಕಟ್ಟಿಗೆ ಕಾಲಿಂಗ್ ಬೆಲ್ಲಿನ ಗುಂಡಿ ಹೊಡೆದು, ಗೋಡೆಯುದ್ದಕ್ಕೂ ತಂತಿ ಎಳೆದು, ಅವರ ಎದುರಿನ ಗೋಡೆಗೆ ದೀಪ ಸಿಕ್ಕಿಸಿದೆ. ಸಂಜೆಗತ್ತಲಲ್ಲಿ ಚೆನ್ನಾಗಿ ಕಂಡದ್ದು ಹಗಲಿನಲ್ಲಿ ಕಾಣಲಿಲ್ಲ. ಹೊರಗೆ ನಿಂತು ನಾನು ಒತ್ತಿಯೇ ಒತ್ತಿದೆ, ಒಳಗೆ ಅವರು ತಲೆ ಬಗ್ಗಿಸಿ ತುಳಿಯುತ್ತಲೇ ಇದ್ದರು. ರಟ್ಟಿನ ಕೊಳವೆ ಮಾಡಿ ಅದರ ಒಳಗೆ ಕಪ್ಪು ಬಟ್ಟೆ ಅಂಟಿಸಿ ನೆರಳು ಕೊಟ್ಟೆ. ಸ್ವಲ್ಪ ಕಂಡಿತು, ಆದರೆ ತಲೆಯೆತ್ತಿದರೆ ಮಾತ್ರ.

ಹೊಲಿಯುವಾಗ ಅವರ ಕಣ್ಣು ಎಲ್ಲಿರುತ್ತದೆ ಎಂದು ಆಮೇಲೆ ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಸೂಜಿಯ ತುದಿ ಬಿಟ್ಟು ಅದು ಬೇರೆಲ್ಲಿಯೂ ಹೋಗುತ್ತಿರಲಿಲ್ಲ. ಹಾಗಾದರೆ ದೀಪವೂ ಅಲ್ಲೇ ಇರಬೇಕು. ಯಂತ್ರದ ತೋಳಿನ ಕೆಳಗೆ, ಸೂಜಿಯಿಂದ ನಾಲ್ಕು ಬೆರಳು ದೂರದಲ್ಲಿ ಎರಡು ದೀಪ ಅಕ್ಕಪಕ್ಕ ಕೂರಿಸಿದೆ. ಒಂದೊಂದಕ್ಕೂ ಅದರದೇ ರೆಸಿಸ್ಟರ್, ಸಾಹೇಬರಿಂದ ಎರವಲು ತಂದ ಬೆಸುಗೆ ಕಡ್ಡಿಯಲ್ಲಿ ಬೆಸೆದದ್ದು. ತೋಳಿನ ನೆರಳಿನಲ್ಲಿ ನಡುಹಗಲಲ್ಲೂ ಅವು ಕುಂಕುಮದ ಬೊಟ್ಟಿನಂತೆ ಕಂಡವು.

ಮೂರೇ ದಿನ. ಯಂತ್ರ ಅದುರುವುದಕ್ಕೆ ತಂತಿ ಬೆಸುಗೆಯ ಬುಡದಲ್ಲಿ ಮುರಿಯಿತು. ನಾನು ಹಾಕಿದ್ದು ಒಂಟಿ ಎಳೆಯ ಗಟ್ಟಿ ತಂತಿ. ಸಾಹೇಬರು ಕೇಳಿ, ಹಲವು ಸಣ್ಣ ಎಳೆ ಸೇರಿದ ಮೆತ್ತನೆಯ ತಂತಿ ಕೊಟ್ಟರು. “ಬಿಗಿಯಾಗಿ ಎಳೀಬ್ಯಾಡಿ. ಒಂದ್ ಸುತ್ತು ಸಡಿಲ ಬುಟ್ಟು ಕಟ್ಟಿ, ಅದುರೋದೆಲ್ಲ ಆ ಸುತ್ತು ತಡ್ಕೊತದೆ,” ಅಂದರು. ಬೆಸೆಯುವಾಗ ದೀಪದ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಬೇಕು, ಬಿಸಿ ಇಕ್ಕಳಕ್ಕೆ ಹೋಗುತ್ತದೆ, ದೀಪಕ್ಕೆ ಹೋಗುವುದಿಲ್ಲ ಎಂಬುದನ್ನೂ ಆ ದಿನವೇ ತೋರಿಸಿಕೊಟ್ಟರು. ತಂತಿ ನೇತಾಡುವುದನ್ನು ನೋಡಿ ಹೊಲಿಗೆಯಮ್ಮ ಸುಮ್ಮನಿರಲಿಲ್ಲ. ಹಸಿರು ಚೀಟಿ ಬಟ್ಟೆಯಲ್ಲಿ ಬೆರಳಗಲದ ಉದ್ದನೆಯ ಚೀಲ ಹೊಲಿದು, ತಂತಿಯನ್ನು ಅದರೊಳಗೆ ತೂರಿಸಿ, ಯಂತ್ರದ ಕಾಲಿಗೆ ನಾಲ್ಕು ಕಡೆ ದಾರದಿಂದ ಕಟ್ಟಿದರು. ಇಬ್ಬರೂ ಸೇರಿ ಮಾಡಿದ ಕೆಲಸವೆಂದರೆ ಅದೊಂದು.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಬೀದಿಯಲ್ಲಿ ನಿಂತು ಗುಂಡಿ ಒತ್ತಿದೆ. ಮುಚ್ಚಿದ ಬಾಗಿಲಿನ ಒಳಗೆ ಯಂತ್ರದ ಸದ್ದು ನಿಂತಿತು. ಆಮೇಲೆ ಬಹಳ ಜೋರಾಗಿ, “ಯಾರದು?” ಎಂದು ಕೇಳಿಸಿತು. ಒಳಗಿದ್ದುಕೊಂಡು ಅವರು ಹಾಗೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಎಂದೂ ಕೇಳಿರಲಿಲ್ಲ. ಬಾಗಿಲು ತೆಗೆದು ನನ್ನನ್ನು ಕಂಡವರು ನನ್ನ ಕೈ ಹಿಡಿದು ಗುಂಡಿಯ ಮೇಲಿಟ್ಟು, “ಇನ್ನೊಂದ್ ಸಲ ಒತ್ತು,” ಅಂದು ಒಳಗೆ ಓಡಿದರು. ಆ ಬೆಳಿಗ್ಗೆ ಏಳೆಂಟು ಸಲ ಒತ್ತಿಸಿದರು. ನನ್ನ ಬಸ್ಸು ತಪ್ಪಿತು.

ಒಂದು ವಾರದೊಳಗೆ ಬೀದಿಯವರಿಗೆಲ್ಲ ಅಭ್ಯಾಸವಾಯಿತು. ಹಾಲಿನ ಡೈರಿಯಿಂದ ಬರುವ ಹೆಂಗಸರು ಒತ್ತುತ್ತಿದ್ದರು, ಅಂಚೆಯವರು ಒತ್ತುತ್ತಿದ್ದರು. ಇನ್ನೊಂದು ವಾರಕ್ಕೆ ಹೊಲಿಗೆಯಮ್ಮ ಯಂತ್ರವನ್ನೇ ತಿರುಗಿಸಿದರು. ಈಗ ಮುಖ ಕಿಟಕಿಗೆ, ಬೆನ್ನು ಬಾಗಿಲಿಗೆ. ಬಟ್ಟೆಯ ಮೇಲೆ ನೆರಳಿಲ್ಲ. ಕಿಟಕಿಯಾಚೆ ಹಿತ್ತಲಿನ ಬಾಳೆ ಗಿಡ ಕಾಣುತ್ತಿತ್ತು. ಬಾಗಿಲಿಗೆ ಬೆನ್ನು ಹಾಕಿ ಕೂರುವುದು ಎಷ್ಟು ಹಗುರ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ಸಂಜೆ ಶಾಲೆಯಿಂದ ಬಂದು ಚಾಪೆ ಹಾಸಿ ಕೂತೆ. ಒಬ್ಬಾಕೆ ಬಂದಳು. ನಾನು ಏಳುವಷ್ಟರಲ್ಲಿ ಗುಂಡಿ ಒತ್ತಿದ್ದಳು, ಹೊಲಿಗೆಯಮ್ಮ ತಿರುಗಿ ಮಾತಾಡಿಸಿಯೂ ಆಗಿತ್ತು. ಇನ್ನೊಬ್ಬರು ಬಂದರು, ಅದೇ ಆಯಿತು. ಅರ್ಧ ಎದ್ದವಳು ಮತ್ತೆ ಕೂತೆ. ನನ್ನ ಕಡೆ ಬೆನ್ನು ಮಾಡಿ ಅವರು ಹೊಲಿಯುತ್ತಿದ್ದರು. ಅಲ್ಲಿ ನಾನು ಯಾಕಿದ್ದೇನೆ ಎಂದು ಯಾರೂ ಕೇಳಲಿಲ್ಲ, ನಾನೇ ಕೇಳಿಕೊಂಡೆ. ಕಾಪಿ ಪುಸ್ತಕಗಳನ್ನು ಎತ್ತಿಕೊಂಡು ಮೇಲೆ ಹೋದೆ. ಮರುದಿನ ಕೆಳಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಓಣಿಯ ಮೆಟ್ಟಿಲು ಹತ್ತಿ ಕೋಣೆ ಸೇರುವುದು, ಬೆಳಿಗ್ಗೆ ಅದೇ ಮೆಟ್ಟಿಲು ಇಳಿದು ಹೋಗುವುದು. ನಾನಿದ್ದೇನೋ ಇಲ್ಲವೋ ಕೆಳಗೆ ಗೊತ್ತಾಗುವಂತಿರಲಿಲ್ಲ. ಮೇಲೆ ಕೂತರೆ ಯಂತ್ರದ ಸದ್ದು ನೆಲದ ಮೂಲಕ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಿಂತಾಗಲೆಲ್ಲ ಯಾರೋ ಬಂದರು ಅಂದುಕೊಳ್ಳುತ್ತಿದ್ದೆ. ರೇಡಿಯೊ ರಿಪೇರಿಯಾಗಿ ಬಂದಿತ್ತು, ಹಾಕುತ್ತಿರಲಿಲ್ಲ.

ಹೀಗೆ ಮೂರು ವಾರ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದು ಹರವುತ್ತಿದ್ದೆ. ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಮೊಣಕಾಲು ನೋವಿನ ಹೊಲಿಗೆಯಮ್ಮ ಎಂದೂ ಮೇಲೆ ಹತ್ತಿದವರಲ್ಲ. ಗೋಡೆ ಹಿಡಿದುಕೊಂಡು ಬಂದು ನನ್ನೆದುರು ನಿಂತರು.

“ಮೈಗೆ ಉಸಾರಿಲ್ವಾ?”

ಇದೆ ಎಂದು ತಲೆಯಾಡಿಸಿದೆ.

“ಮತ್ಯಾಕೆ ಬರಲ್ಲ?”

ಸ್ಲೇಟು ಕೆಳಗಿತ್ತು. ತುಟಿಯನ್ನು ನಿಧಾನವಾಗಿ ಅಲ್ಲಾಡಿಸಿ, “ದೀಪ ಇದೆಯಲ್ಲ,” ಅಂದೆ.

ಅವರು ಗೋಡೆಗೆ ಒರಗಿಕೊಂಡರು. “ಅವತ್ತು ಶನಿವಾರ ನೀನ್ ಮನೇಲಿ ಇರ್ನಿಲ್ಲ. ನಂಗೊತ್ತು. ನಾನ್ ಕೇಳುದ್ನಾ?”

ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗಕ್ಕೆ ಹಾಕಿದೆ.

“ಆ ತಪ್ಪಿಗೆ ದೀಪ ಮಾಡ್ಕೊಟ್ಟು, ತೀರೋಯ್ತು ಅಂತ ಕೈ ತೊಳ್ಕೊಂಡ್ಬುಟ್ಟಾ? ನೀನೇನ್ ನನ್ ಬಾಗ್ಲು ಕಾಯೋ ಆಳಾ, ಇರ್ಲೇಬೇಕು ಅನ್ನಾಕೆ? ಬೀದೀಲಿ ಓಗೋರೆಲ್ಲ ಒತ್ತಿ ಬತ್ತಾವ್ರೆ. ಮಾಡಿದ ನೀನೊಬ್ಬಳು ಒತ್ತಲ್ಲ.”

ಅವರ ದನಿ ಎತ್ತರದಲ್ಲಿತ್ತು. ಅಕ್ಕಪಕ್ಕದ ತಾರಸಿಯವರು ನೋಡುತ್ತಿದ್ದರು. ಹೊಳೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ, ಮನೆಗೆ ಬರಲು ಮನಸ್ಸಾಗಿರಲಿಲ್ಲ, ಕ್ಷಮಿಸಿ ಎಂದು ಹೇಳಿದೆ. ಅವಸರದಲ್ಲಿ ಹೇಳಿದ್ದೆ, ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬಕೆಟ್ಟಿನಲ್ಲಿ ಉಳಿದಿದ್ದ ಒದ್ದೆ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು ಹಿಂಡಿದರು.

ಅಂದಿನಿಂದ ಸಂಜೆ ಓಣಿಗೆ ತಿರುಗುವ ಮುಂಚೆ ಮುಂಬಾಗಿಲಿಗೆ ಹೋಗಿ ಒಮ್ಮೆ ಒತ್ತುತ್ತಿದ್ದೆ. ಅವರು ತಿರುಗಿ ನೋಡಿ, “ಬಂದಾ?” ಅನ್ನುತ್ತಿದ್ದರು. ಕೆಲವು ದಿನ ಒಳಗೆ ಹೋಗಿ ಕೂರುತ್ತಿದ್ದೆ. ಕೆಲವು ದಿನ ಅಷ್ಟೇ ಸಾಕಾಗಿ ಮೇಲೆ ಹೋಗುತ್ತಿದ್ದೆ. ಗಂಡನ ಮನೆ ಬಿಟ್ಟ ಮೇಲೆ ನಾನು ಬಂದೆನೆಂದು ಗಮನಿಸಿದವರು ಅವರೊಬ್ಬರೇ.

ಎರಡು ವರ್ಷದ ನಂತರ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಸೆಲ್ಲು ಬದಲಾಯಿಸುವುದನ್ನು ಅವರಿಗೆ ಕಲಿಸಿದೆ. ಮೊಳಕೆಯಂತೆ ಎದ್ದಿರುವ ತಲೆ ಯಾವ ಕಡೆ, ಚಪ್ಪಟೆ ಬುಡ ಯಾವ ಕಡೆ ಎಂದು ಸೆಲ್ಲು ಇಟ್ಟಿದ್ದ ಪೆಟ್ಟಿಗೆಯೊಳಗೆ ಚಿತ್ರ ಬರೆದೆ. ತಂತಿ ಬಿಟ್ಟುಕೊಂಡರೆ ಬೇಕಾಗುತ್ತದೆಂದು ಸಾಹೇಬರ ಅಂಗಡಿಯ ದಾರಿಯನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ನಾಗಮಂಗಲದ ಶಾಲೆಯಲ್ಲಿ ವಿದ್ಯುತ್ತಿನ ಪಾಠ ಬಂದಾಗ ಬೆಂಚಿಗೊಂದು ಎಲ್‌ಇಡಿ, ಒಂದು ರೆಸಿಸ್ಟರ್, ಎರಡು ಜೊತೆ ಸೆಲ್ಲು ಕೊಡುತ್ತಿದ್ದೆ. ಮೊದಲು ಯಾರ ದೀಪ ಉರಿಯುತ್ತದೋ ನೋಡೋಣ ಎನ್ನುತ್ತಿದ್ದೆ. ತರಗತಿ ಗದ್ದಲವಾಗುತ್ತಿತ್ತು. ನಾಲ್ಕೂವರೆಗೆ ಗಂಟೆ ಹೊಡೆದ ಮೇಲೆ ಎಲ್ಲವನ್ನೂ ಡಬ್ಬಿಗೆ ತುಂಬಿ ಬೀಗ ಹಾಕಿ, ಹೊಸ ಬಾಡಿಗೆ ಕೋಣೆಗೆ ನಡೆಯುತ್ತಿದ್ದೆ. ಅಲ್ಲಿ ಕೆಳಗಿನ ಮನೆಯವರಿಗೆ ಟಿ.ವಿ. ಇತ್ತು. ಅವರು ನನ್ನನ್ನು ಯಾವುದಕ್ಕೂ ಕರೆಯುತ್ತಿರಲಿಲ್ಲ, ತೊಂದರೆಯನ್ನೂ ಕೊಡುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಕಾರ್ಡು ಬಂತು. ಹೊಲಿಗೆಯಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಆದಿಚುಂಚನಗಿರಿಯ ಕಡೆಯ ಆಸ್ಪತ್ರೆಯಲ್ಲಿ ತೋರಿಸಿ, ಪೊರೆ ತೆಗೆಸಿಕೊಂಡು, ದೇವಲಾಪುರದಲ್ಲಿ ತೀರಿಹೋದ ಅಕ್ಕನ ಮಗಳ ಮನೆಯಲ್ಲಿ ಉಳಿದಿದ್ದರು. ಇನ್ನು ಅಲ್ಲೇ ಇರುತ್ತೇನೆ, ಪಾಂಡವಪುರದ ಮನೆ ಬೇರೆಯವರಿಗೆ ಬಿಟ್ಟಾಯಿತು, ನಾಗಮಂಗಲದಿಂದ ಹತ್ತಿರವೇ, ಬಾ ಎಂದು ಬರೆಸಿದ್ದರು.

ಆ ಭಾನುವಾರವೇ ಹೋದೆ. ಒಣ ಹೊಲಗಳ ನಡುವೆ ದೊಡ್ಡ ತೊಟ್ಟಿ ಮನೆ. ಅಕ್ಕನ ಮಗಳು, ಅವಳ ಗಂಡ, ಅತ್ತೆ, ಓರಗಿತ್ತಿ, ಆರೇಳು ಮಕ್ಕಳು, ಎಮ್ಮೆಗಳು. ಹೊಲಿಗೆಯಮ್ಮ ಹಜಾರದ ನಡುವೆ ಯಂತ್ರ ಇಟ್ಟುಕೊಂಡಿದ್ದರು. ದೀಪವನ್ನು ತಂದಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಯಾರಾದರೂ ಬಂದರೆ ಹೆಗಲು ಮುಟ್ಟಲು ಅಲ್ಲಿ ಹತ್ತು ಕೈ ಇದ್ದವು. ಊಟಕ್ಕೆ ಮುದ್ದೆ, ಉಪ್ಪುಸಾರು. ನನ್ನನ್ನು “ದೀಪ ಮಾಡ್ಕೊಟ್ಟ ಮೇಡಮ್ಮು” ಎಂದು ಎಲ್ಲರಿಗೂ ಪರಿಚಯಿಸಿದರು. ಎಲ್ಲರೂ ಗೌರವದಿಂದ ಮಾತಾಡಿಸಿ, ಆಮೇಲೆ ತಮ್ಮ ತಮ್ಮ ಮಾತಿಗೆ ಹಿಂತಿರುಗಿದರು. ಅವರ ನಡುವೆ ಹೊಲಿಗೆಯಮ್ಮ ಏನೂ ಕೇಳಿಸದೆಯೇ ನಗುತ್ತ ಕೂತಿದ್ದರು. ಅವರು ಅಷ್ಟು ನಗುವುದನ್ನು ನಾನು ಪಾಂಡವಪುರದಲ್ಲಿ ಕಂಡಿರಲಿಲ್ಲ. ನನಗೆ ಸಂತೋಷವಾಯಿತು. ಜೊತೆಗೆ, ಬೇಗ ಹೊರಡಬೇಕು ಎಂದೂ ಅನ್ನಿಸಿತು.

ಮೂರೂವರೆಯ ಬಸ್ಸಿಗೆ ಅವರೇ ರಸ್ತೆಯವರೆಗೆ ಬಂದರು. ಹುಣಸೆ ಮರದ ಕೆಳಗೆ ನಿಂತೆವು. ಪೊರೆ ತೆಗೆದ ಹೊಸ ಕಣ್ಣಿನಿಂದ ನನ್ನನ್ನು ಹತ್ತಿರ ಎಳೆದು ನೋಡಿದರು.

“ಇನ್ನೂ ಒಬ್ಬಳೇ ಇದ್ದೀಯಾ?”

ಹೌದೆಂದು ತಲೆಯಾಡಿಸಿದೆ.

“ಊಟ ಸರ್ಯಾಗ್ ಮಾಡು,” ಅಂದರು. ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಅವರು ಆಗಲೇ ಮನೆಯ ಕಡೆ ತಿರುಗಿ, ಮೊಣಕಾಲಿಗೆ ಕೈ ಕೊಟ್ಟುಕೊಂಡು, ಮಣ್ಣಿನ ದಾರಿಯಲ್ಲಿ ನಡೆಯುತ್ತಿದ್ದರು.